ಆಸ್ತಮಾ ಇದ್ದವರಿಗೆ ಅಪಾಯ ಕಡಿಮೆಯೇ?

ಪ್ರಶ್ನೆ: ಸಾರ್ವಜನಿಕ ಆರೋಗ್ಯಕ್ಕೆ ಯಂತ್ರಕಲಿಕೆ ಬಳಸುವುದನ್ನು ಕಲಿಸುವ ವಿಶ್ವವಿದ್ಯಾಲಯಗಳು ಸಂಖ್ಯಾಶಾಸ್ತ್ರಕ್ಕೆ ಅಷ್ಟೊಂದು ಒತ್ತು ಕೊಡುವುದೇಕೆ? ಕಂಪ್ಯೂಟರೇ ದತ್ತಾಂಶದಿಂದ ಕಲಿಯುತ್ತದಲ್ಲವೇ?

ಉತ್ತರ: ಕಲಿಯುತ್ತದೆ. ಆದರೆ ಏನನ್ನು ಕಲಿತಿದೆ ಎಂದು ಪರೀಕ್ಷಿಸುವವರು ಬೇಕು.

1990ರ ದಶಕದಲ್ಲಿ ಅಮೆರಿಕದ ಸಂಶೋಧಕರು, ನ್ಯುಮೋನಿಯಾ ರೋಗಿಗಳಲ್ಲಿ ಯಾರಿಗೆ ಸಾವಿನ ಅಪಾಯ ಹೆಚ್ಚು ಎಂದು ಅಂದಾಜಿಸುವ ಹಲವು ಮಾದರಿಗಳನ್ನು ಹೋಲಿಸಿ ನೋಡಿದರು. ಅಪಾಯ ಕಡಿಮೆ ಇದ್ದವರಿಗೆ ಮನೆಯಲ್ಲೇ ಚಿಕಿತ್ಸೆ, ಉಳಿದವರಿಗೆ ಆಸ್ಪತ್ರೆ ಎಂಬುದು ಉದ್ದೇಶ. ಒಂದು ಮಾದರಿ ವಿಚಿತ್ರ ನಿಯಮವನ್ನು ಕಂಡುಕೊಂಡಿತು: ಆಸ್ತಮಾ ಇದ್ದವರಿಗೆ ಅಪಾಯ ಕಡಿಮೆ!

ದತ್ತಾಂಶದ ಮಟ್ಟಿಗೆ ಅದು ನಿಜವೇ. ಆಸ್ತಮಾ ಇರುವವರಿಗೆ ನ್ಯುಮೋನಿಯಾ ಬಂದರೆ ವೈದ್ಯರು ನೇರವಾಗಿ ತೀವ್ರ ನಿಗಾ ಘಟಕಕ್ಕೇ ಸೇರಿಸುತ್ತಿದ್ದರು. ಆ ಆರೈಕೆಯಿಂದಲೇ ಅವರಲ್ಲಿ ಸಾವು ಕಡಿಮೆಯಾಗಿತ್ತು. ಯಂತ್ರಕ್ಕೆ ಕಂಡದ್ದು ಫಲಿತಾಂಶ ಮಾತ್ರ, ಅದರ ಹಿಂದಿನ ಆರೈಕೆಯಲ್ಲ. ಅದರ ಮಾತು ಕೇಳಿದ್ದರೆ ಆಸ್ಪತ್ರೆ ತೀರಾ ಅಗತ್ಯವಿದ್ದವರನ್ನೇ ಮನೆಗೆ ಕಳಿಸಿದಂತಾಗುತ್ತಿತ್ತು.

ಹೋಲಿಸಿದ ಮಾದರಿಗಳಲ್ಲಿ ಎಲ್ಲಕ್ಕಿಂತ ನಿಖರವಾಗಿದ್ದದ್ದು ನ್ಯೂರಲ್ ನೆಟ್‌ವರ್ಕ್ ಎಂಬ ಬಗೆಯದು. ಆದರೆ ಅದರೊಳಗೆ ಇಂಥ ಇನ್ನೆಷ್ಟು ನಿಯಮಗಳು ಅಡಗಿವೆಯೋ ಓದಲಾಗದ ಕಾರಣ, ರೋಗಿಗಳಿಗೆ ಅದನ್ನು ಬಳಸುವುದು ಬೇಡವೆಂದು ತೀರ್ಮಾನಿಸಿದರು. 2015ರಲ್ಲಿ ಸಂಶೋಧಕ ರಿಚ್ ಕರುವಾನಾ ಮತ್ತು ಸಂಗಡಿಗರು ಪ್ರತಿ ಅಂಶದ ಪ್ರಭಾವವನ್ನು ಬಿಡಿಯಾಗಿ ತೋರಿಸುವ, ತಜ್ಞರು ಪರಿಶೀಲಿಸಿ ತಿದ್ದಬಹುದಾದ ಮಾದರಿಯನ್ನು ಈ ಸಮಸ್ಯೆಗೆ ಅನ್ವಯಿಸಿ ತೋರಿಸಿದರು.

ಅಂಕಿಗಳು ಎಲ್ಲಿಂದ ಬಂದವು, ಯಾರಿಗೆ ಯಾವ ಚಿಕಿತ್ಸೆ ಸಿಕ್ಕಿತ್ತು, ಯಾರು ಲೆಕ್ಕದಿಂದ ಹೊರಗುಳಿದರು ಎಂದು ಕೇಳಲು ಕಲಿಸುವುದು ಸಂಖ್ಯಾಶಾಸ್ತ್ರ. ಜೀವಗಳ ಪ್ರಶ್ನೆ ಇರುವ ಕಡೆ ಈ ಕಲಿಕೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.