ನೆಲದಡಿಯ ಕ್ಯಾಸೆಟ್ಟು

ಸಂಗೀತದ ವ್ಯವಹಾರದಲ್ಲಿ ‘ಡೆಮೊ’ ಎಂದರೆ ಮಾದರಿ ಧ್ವನಿಮುದ್ರಣ. ಯಾರಿಗೂ ಗೊತ್ತಿಲ್ಲದ ತಂಡವೊಂದು ಸ್ವಂತ ಖರ್ಚಿನಲ್ಲಿ ಕೆಲವು ಹಾಡುಗಳನ್ನು ಕ್ಯಾಸೆಟ್ಟಿಗಿಳಿಸಿ, ಕಂಪನಿಗಳಿಗೂ ಪತ್ರಿಕೆಗಳಿಗೂ ಕಳಿಸಿ, ತನ್ನ ಇರವನ್ನು ತಿಳಿಸುವ ಬಗೆ ಅದು. ಅವಕಾಶ ಸಿಕ್ಕರೆ ಆ ಹಾಡುಗಳು ಸ್ಟುಡಿಯೋದಲ್ಲಿ ಹೊಸದಾಗಿ ಮುದ್ರಣಗೊಂಡು ಡೆಮೊ ಮೂಲೆ ಸೇರುತ್ತದೆ, ಸಿಗದಿದ್ದರೆ ತಂಡದೊಡನೆ ಅದೂ ಮರೆತುಹೋಗುತ್ತದೆ. ಸ್ವಿಟ್ಜರ್ಲೆಂಡಿನ ಹೆಲ್‌ಹ್ಯಾಮರ್ ತಂಡ 1983ರ ಜೂನ್ ತಿಂಗಳಲ್ಲಿ ಮುದ್ರಿಸಿದ ‘ಟ್ರಯಂಫ್ ಆಫ್ ಡೆತ್’ ಎಂಬ ಡೆಮೊಗೆ ಈ ಎರಡೂ ಗತಿ ಒದಗಲಿಲ್ಲ. ಬಂದ ಕಾಲದಲ್ಲಿ ಹಲವು ವಿಮರ್ಶಕರ ತಿರಸ್ಕಾರಕ್ಕೆ ಗುರಿಯಾದ ಆ ತಂಡದ ಸದ್ದು, ಮುಂದೆ ‘ಎಕ್ಸ್‌ಟ್ರೀಮ್ ಮೆಟಲ್’ ಎಂದು ಕರೆಸಿಕೊಂಡ ಇಡೀ ಪ್ರಕಾರದ ಬುಡದಲ್ಲಿರುವ ಕೆಲವೇ ಧ್ವನಿಗಳಲ್ಲಿ ಒಂದಾಗಿ ಉಳಿದುಕೊಂಡಿತು.

1970ರ ಸುಮಾರಿಗೆ ಬ್ರಿಟನ್ನಿನ ಬ್ಲ್ಯಾಕ್ ಸಬ್ಬತ್ ಮುಂತಾದ ತಂಡಗಳಿಂದ ರೂಪುಗೊಂಡ ಹೆವಿ ಮೆಟಲ್ ಸಂಗೀತದ ವೇಗ, ಭಾರ, ಕರ್ಕಶತೆಗಳನ್ನು ಕೊನೆಯ ಅಂಚಿನವರೆಗೆ ಎಳೆದಾಗ ಹುಟ್ಟಿದ ಥ್ರ್ಯಾಶ್, ಡೆತ್, ಬ್ಲ್ಯಾಕ್, ಡೂಮ್ ಎಂಬ ಕವಲುಗಳಿಗೆ ಒಟ್ಟಾಗಿ ಎಕ್ಸ್‌ಟ್ರೀಮ್ ಮೆಟಲ್ ಎಂಬ ಹೆಸರಿದೆ. ಜ್ಯೂರಿಕ್ ನಗರದ ಹೊರವಲಯದ ನ್ಯೂರೆನ್ಸ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಒಂಟಿತನದಲ್ಲೇ ಬೆಳೆದ, ಆಗಿನ್ನೂ ಇಪ್ಪತ್ತು ತುಂಬದ ಟಾಮ್ ಗೇಬ್ರಿಯಲ್ ಫಿಷರ್‌ಗೆ ನ್ಯೂಕ್ಯಾಸಲ್‌ನ ವೆನಮ್ ತಂಡದ ಒರಟು ಹಾಡುಗಳೂ ಡಿಸ್ಚಾರ್ಜ್ ಎಂಬ ಪಂಕ್ ತಂಡದ ಕೋಪವೂ ದಾರಿ ತೋರಿದವು. ಸ್ಟೀವ್ ವಾರಿಯರ್ ಎಂಬ ಅಡ್ಡಹೆಸರಿನ ಗೆಳೆಯನೊಡನೆ ಸೇರಿ ಅವನು ಕಟ್ಟಿದ, ಮುಂದೆ ಬ್ರೂಸ್ ಡೇ ಎಂಬ ಅಡ್ಡಹೆಸರಿನ ಇನ್ನೊಬ್ಬನೂ ಬಂದು ಸೇರಿದ ತಂಡವೇ ಹೆಲ್‌ಹ್ಯಾಮರ್. ಮೂವರಲ್ಲಿ ಯಾರಿಗೂ ವಾದ್ಯ ಚೆನ್ನಾಗಿ ಒಲಿದಿರಲಿಲ್ಲ.

ಅವರ ಅಭ್ಯಾಸದ ಜಾಗ ಅಕ್ಷರಶಃ ನೆಲದಡಿಯದು. ಅಣುಯುದ್ಧದ ಭೀತಿಯಿಂದ ಸ್ವಿಟ್ಜರ್ಲೆಂಡ್ 1963ರಲ್ಲಿ ನಾಗರಿಕ ರಕ್ಷಣೆಯ ಕಾನೂನನ್ನು ಮಾಡಿ, ಹೊಸ ಕಟ್ಟಡಗಳ ಕೆಳಗೆ ದಪ್ಪ ಕಾಂಕ್ರೀಟ್ ಗೋಡೆಯ ರಕ್ಷಣಾ ಕೋಣೆಗಳನ್ನು ಕಟ್ಟುವ ಪದ್ಧತಿಯನ್ನು ಬೆಳೆಸಿತ್ತು. ಬಾರದ ಯುದ್ಧಕ್ಕಾಗಿ ಕಾಯುತ್ತ ಖಾಲಿ ಬಿದ್ದಿದ್ದ ಇಂಥ ಬಂಕರುಗಳು, ಎಷ್ಟು ಗದ್ದಲ ಮಾಡಿದರೂ ನೆರೆಹೊರೆಗೆ ಕೇಳಿಸದ ಕಾರಣ, ಹುಡುಗರ ತಂಡಗಳಿಗೆ ಹೇಳಿಮಾಡಿಸಿದಂತಿದ್ದವು. ಬಿರ್ಚ್‌ವಿಲ್ ಎಂಬಲ್ಲಿನ ಒಂದು ಬಂಕರಿನಲ್ಲಿ ಹೆಲ್‌ಹ್ಯಾಮರ್ ಬೀಡುಬಿಟ್ಟಿತು. ಬರಿಯ ಕಾಂಕ್ರೀಟ್ ಗೋಡೆ ಸದ್ದನ್ನು ಹೀರಿಕೊಳ್ಳದೆ ಹಿಂದಕ್ಕೆಸೆಯುವುದರಿಂದ ಡ್ರಮ್ಮಿನ ಪೆಟ್ಟು, ಗಿಟಾರಿನ ಮೊರೆತ, ಕೂಗು ಎಲ್ಲವೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಡೆಮೊ ಕೇಳುವವರನ್ನು ಮೊದಲು ತಟ್ಟುವ ಆ ಮಂಕು, ಆ ಇಕ್ಕಟ್ಟು ಇದೇ ಬಗೆಯ ಕೋಣೆಯ ದನಿ.

ಗಿಟಾರಿನಲ್ಲಿ ಅವರು ನುಡಿಸಿದ್ದು ಬಹುಪಾಲು ‘ಪವರ್ ಕಾರ್ಡ್’. ನಮ್ಮ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಗಾಂಧಾರವನ್ನು ಬಿಟ್ಟು ಷಡ್ಜ-ಪಂಚಮಗಳನ್ನಷ್ಟೇ ಒಟ್ಟಿಗೆ ಮೀಟುವ ಕ್ರಮ. ಆಂಪ್ಲಿಫೈಯರನ್ನು ಅದರ ತಾಳಿಕೆಗಿಂತ ಹೆಚ್ಚು ದುಡಿಸಿದಾಗ ಸ್ವರ ಒಡೆದು ಗರಗರ ಎನ್ನುವ ‘ಡಿಸ್ಟಾರ್ಷನ್’ ಹುಟ್ಟುತ್ತದೆ; ಗಾಂಧಾರ ಸೇರಿದ ಪೂರ್ಣ ಸ್ವರಮೇಳ ಈ ಸ್ಥಿತಿಯಲ್ಲಿ ಕದಡಿದ ಕೆಸರಿನಂತಾದರೆ, 2:3ರ ಸರಳ ಕಂಪನ ಅನುಪಾತವುಳ್ಳ ಷಡ್ಜ-ಪಂಚಮ ಒಡೆದರೂ ಗಟ್ಟಿಯಾಗಿ ನಿಲ್ಲುತ್ತದೆ. ಎರಡೇ ಬೆರಳಲ್ಲಿ ಹಿಡಿಯಬಹುದಾದ್ದರಿಂದ ಕಲಿಯುವ ಕೈಗೂ ಅದು ಸುಲಭ. ಡೆಮೊಗೆ ಹೆಸರು ಕೊಟ್ಟ ಹಾಡಿನಲ್ಲಿ ಈ ಜೋಡಿಸ್ವರ ಬಹಳ ನಿಧಾನವಾಗಿ, ಹೆಣಭಾರ ಹೊತ್ತವರ ಹೆಜ್ಜೆಯಂತೆ ಅರ್ಧಸ್ವರದ ಅಂತರಗಳಲ್ಲಿ ಸರಿಯುತ್ತದೆ. ಅದರ ಮೇಲೆ ಫಿಷರ್‌ನ ಚೀರಾಟ ಪದಗಳನ್ನು ಕಳಚಿಕೊಂಡು ಉಸಿರು ಮುಗಿಯುವ ತನಕ ಎಳೆಯುತ್ತದೆ. ಓರಗೆಯ ತಂಡಗಳು ವೇಗದ ಪೈಪೋಟಿಗೆ ಬಿದ್ದಿದ್ದ ಹೊತ್ತಿನಲ್ಲಿ, ನುಡಿಸಲು ಬಾರದವರೆಂದು ಹೀಯಾಳಿಸಿಕೊಂಡ ಈ ಹುಡುಗರು ನಿಧಾನದಲ್ಲಿರುವ ದಿಗಿಲನ್ನು ಕಂಡುಕೊಂಡದ್ದು ಸಣ್ಣ ಸಂಗತಿಯಲ್ಲ. ಹಾಡುಗಳ ಸಾಹಿತ್ಯ ಬಡಕಲು. ಸಾವು, ಸೈತಾನ, ರಕ್ತ ಎಂಬ ಮಾತುಗಳು ವೆನಮ್‌ನಿಂದ ಎರವಲು ಬಂದ ವೇಷದಂತಿವೆ. ಆದರೆ ಆ ಚೀರಾಟದ ಸಂಕಟ ಎರವಲಿನದಲ್ಲ.

ಆ ಸದ್ದು ಲೋಕಕ್ಕೆ ಹರಡಿದ್ದು ಅಂಚೆಯ ಮೂಲಕ. ಕ್ಯಾಸೆಟ್ಟಿನ ಟೇಪಿನ ಅಗಲ 3.81 ಮಿಲಿಮೀಟರ್ ಮಾತ್ರ, ಅದು ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ. ಇಷ್ಟು ಕಿರಿದಾದ, ನಿಧಾನವಾದ ಪಟ್ಟಿಯಲ್ಲಿ ಕಾಂತಕಣಗಳ ಸ್ವಂತ ಸದ್ದು ‘ಸ್‌ಸ್’ ಎಂದು ಸಂಗೀತದೊಡನೆ ಕೇಳಿಸಿಯೇ ತೀರುತ್ತದೆ. ಒಂದರಿಂದ ಇನ್ನೊಂದಕ್ಕೆ ನಕಲು ಮಾಡಿದಾಗಲೆಲ್ಲ ಆ ಸುಯ್ಲು ಹೆಚ್ಚಿ, ತಾರದ ಸ್ವರಗಳು ಸವೆಯುತ್ತವೆ. ಭಾವಗೀತೆಯ ಕ್ಯಾಸೆಟ್ಟನ್ನು ನೆರೆಮನೆಯಿಂದ ತಂದು ನಕಲು ಮಾಡಿಕೊಂಡಿದ್ದ ಕನ್ನಡದ ಕೇಳುಗರಿಗೆ ಇದನ್ನು ವಿವರಿಸಬೇಕಿಲ್ಲ. ‘ಟೇಪ್ ಟ್ರೇಡಿಂಗ್’ ಎಂದು ಹೆಸರಾದ ವಿನಿಮಯದಲ್ಲಿ ದೇಶದೇಶಗಳ ಅಪರಿಚಿತ ಹುಡುಗರು ಪತ್ರ ಬರೆದು, ಒಂದು ಡೆಮೊ ಕೊಟ್ಟು ಇನ್ನೊಂದನ್ನು ಪಡೆಯುತ್ತಿದ್ದರು. ಹೀಗೆ ಕೈದಾಟುತ್ತ ಹೋದ ಪ್ರತಿಯಲ್ಲಿ ಬಂಕರಿನ ಮಂಕಿನ ಮೇಲೆ ಟೇಪಿನ ಮಂಕೂ ಕೂಡಿತ್ತು. ಮುಂದೆ ನಾರ್ವೆಯ ಬ್ಲ್ಯಾಕ್ ಮೆಟಲ್ ತಂಡಗಳು ಒಳ್ಳೆಯ ಸ್ಟುಡಿಯೋ ಸಿಗುವಾಗಲೂ ಬೇಕೆಂದೇ ಇಂಥ ಒರಟು ಸದ್ದನ್ನು ಹುಡುಕಿಕೊಂಡವು, ಮೇಹೆಮ್ ತಂಡದ ಡ್ರಮ್ಮರ್ ‘ಹೆಲ್‌ಹ್ಯಾಮರ್’ ಎಂಬುದನ್ನೇ ತನ್ನ ವೇದಿಕೆಯ ಹೆಸರಾಗಿಸಿಕೊಂಡ. ಅಲ್ಲಿ ಆಯ್ಕೆಯಾದದ್ದು ಬಿರ್ಚ್‌ವಿಲ್‌ನಲ್ಲಿ ಅನಿವಾರ್ಯವಾಗಿತ್ತು ಎಂಬ ವ್ಯತ್ಯಾಸವನ್ನು ಮರೆತರೆ ಈ ಡೆಮೊದ ತಿರುಳೇ ತಪ್ಪಿಹೋಗುತ್ತದೆ.

1983ರ ಕೊನೆಯ ಹೊತ್ತಿಗೆ ಸ್ಟೀವ್ ವಾರಿಯರ್‌ನ ಜಾಗಕ್ಕೆ ಹದಿನಾರರ ಹರೆಯದ ಮಾರ್ಟಿನ್ ಎರಿಕ್ ಏನ್ ಬಂದ; ಡಿಸೆಂಬರಿನಲ್ಲಿ ‘ಸಟಾನಿಕ್ ರೈಟ್ಸ್’ ಡೆಮೊ, ಮರುವರ್ಷ ಬರ್ಲಿನ್‌ನಲ್ಲಿ ಮುದ್ರಿಸಿದ ‘ಅಪೋಕಲಿಪ್ಟಿಕ್ ರೇಡ್ಸ್’ ಹೊರಬಂದವು. ತಮ್ಮ ಮಿತಿಯನ್ನು ತಾವೇ ಅರಿತ ಫಿಷರ್ ಮತ್ತು ಏನ್ 1984ರಲ್ಲೇ ತಂಡವನ್ನು ವಿಸರ್ಜಿಸಿ ಸೆಲ್ಟಿಕ್ ಫ್ರಾಸ್ಟ್ ಕಟ್ಟಿದರು. ‘ಏಲಿಯನ್’ ಚಿತ್ರಕ್ಕಾಗಿ ಆಸ್ಕರ್ ಗೆದ್ದಿದ್ದ ಸ್ವಿಸ್ ಕಲಾವಿದ ಎಚ್. ಆರ್. ಗೀಗರ್ ಈ ಎಳೆಯರನ್ನು ನಂಬಿ, ಅವರ 1985ರ ‘ಟು ಮೆಗಾ ಥೆರಿಯನ್’ ಆಲ್ಬಮ್ಮಿನ ಹೊದಿಕೆಗೆ ತಮ್ಮ ಚಿತ್ರವನ್ನು ಕೊಟ್ಟರು.

ಹೆಲ್‌ಹ್ಯಾಮರ್ ತನ್ನ ಆಯುಸ್ಸಿನಲ್ಲಿ ಒಮ್ಮೆಯೂ ಸಾರ್ವಜನಿಕ ವೇದಿಕೆ ಏರಲಿಲ್ಲ. ಡೆಮೊಗಳು 2008ರಲ್ಲಿ ‘ಡೀಮನ್ ಎಂಟ್ರೇಲ್ಸ್’ ಸಂಕಲನವಾಗಿ ಅಧಿಕೃತವಾಗಿ ಬಂದವು. 2017ರಲ್ಲಿ ಏನ್ ತೀರಿಕೊಂಡರು. ಆ ಹಾಡುಗಳಿಗೇ ಮೀಸಲಾದ ವೇದಿಕೆ ದೊರೆತದ್ದು 2019ರಲ್ಲಿ, ಫಿಷರ್ ಅವುಗಳನ್ನು ನುಡಿಸಲೆಂದೇ ಹೊಸ ತಂಡ ಕಟ್ಟಿದಾಗ. ಅದಕ್ಕೆ ಅವರಿಟ್ಟ ಹೆಸರು ‘ಟ್ರಯಂಫ್ ಆಫ್ ಡೆತ್’.