ಊಟದ ಭಯಕ್ಕೆ ಚಿಕಿತ್ಸೆ ಎಲ್ಲಿ?

ಪ್ರಶ್ನೆ: ದಪ್ಪಗಾಗುವ ಭಯದಿಂದ ಊಟ ಬಿಡುವುದು ಕಾಯಿಲೆಯೇ? ಸೇಡಂ, ಚಿಂಚೋಳಿ ಕಡೆಯವರು ಎಲ್ಲಿಗೆ ಹೋಗಬೇಕು?

ಉತ್ತರ: ಆಹಾರವನ್ನು ಕಡಿಮೆ ಮಾಡುತ್ತ ಹೋಗಿ, ಸೊರಗಿದ ಮೇಲೂ ತನ್ನ ದೇಹವನ್ನು ಸ್ಥೂಲವೆಂದೇ ಕಾಣುವ ಸ್ಥಿತಿಗೆ ಅನೊರೆಕ್ಸಿಯಾ ನರ್ವೋಸಾ ಎಂದೂ, ಹತೋಟಿಯಿಲ್ಲದೆ ತಿಂದು ಬಳಿಕ ವಾಂತಿ ಮುಂತಾದ ರೀತಿಯಲ್ಲಿ ಹೊರಹಾಕುವ ಸ್ಥಿತಿಗೆ ಬುಲಿಮಿಯಾ ನರ್ವೋಸಾ ಎಂದೂ ಹೆಸರು. ಮೊದಲನೆಯದನ್ನು ಲಂಡನ್ನಿನ ವೈದ್ಯ ವಿಲಿಯಂ ಗಲ್ 1873ರಲ್ಲಿಯೂ, ಎರಡನೆಯದನ್ನು ಜೆರಾಲ್ಡ್ ರಸೆಲ್ 1979ರಲ್ಲಿಯೂ ಹೆಸರಿಸಿದರು. ವ್ರತದ ಉಪವಾಸಕ್ಕೆ ಪಾರಣೆಯ ಹೊತ್ತು ಗೊತ್ತಿರುತ್ತದೆ, ಈ ಭಯಕ್ಕೆ ಅಂಥ ಗಡಿಯಿಲ್ಲ. ಆದ್ದರಿಂದ ಇದು ಕಾಯಿಲೆಯೇ; ಇದನ್ನು ಹುಡುಗಿಯ ಹಟವೆಂದೋ ಗಾಳಿ ಸೋಕಿದ್ದೆಂದೋ ತಳ್ಳಿಹಾಕುವುದು ದೊಡ್ಡ ಅನ್ಯಾಯವೇ ಸರಿ. ಗಂಡುಮಕ್ಕಳಲ್ಲಿಯೂ ಇದು ಕಾಣಿಸುತ್ತದೆ.

ಮುಟ್ಟು ನಿಲ್ಲುವುದು, ನಾಡಿ ನಿಧಾನವಾಗುವುದು, ವಾಂತಿಯಿಂದ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಪ್ಪುವುದು ಇದರ ಅಪಾಯಗಳು. ತೀರ ಸೊರಗಿದವರಿಗೆ ಒಮ್ಮೆಲೇ ಹೆಚ್ಚು ಉಣಿಸಿದರೆ ರಕ್ತದ ಫಾಸ್ಫೇಟ್ ಕುಸಿದು ಜೀವಕ್ಕೇ ಕುತ್ತು ಬರಬಹುದಾದ್ದರಿಂದ, ಮನೆಯವರ ಒತ್ತಾಯಕ್ಕಿಂತ ವೈದ್ಯರ ನಿಗಾ ಮೊದಲು ಬೇಕು. ಎಳೆಯರಿಗೆ ತಂದೆತಾಯಿಗಳನ್ನೇ ಚಿಕಿತ್ಸೆಯ ಪಾಲುದಾರರನ್ನಾಗಿಸುವ ಕುಟುಂಬಾಧಾರಿತ ಚಿಕಿತ್ಸೆಯೂ, ವಯಸ್ಕರಿಗೆ ಯೋಚನೆ ಮತ್ತು ನಡವಳಿಕೆಗಳ ನಂಟನ್ನು ಬಿಡಿಸಿ ತಿದ್ದುವ ಮಾತಿನ ಚಿಕಿತ್ಸೆಯೂ ಫಲ ನೀಡುತ್ತವೆ.

ಮೊದಲ ತಪಾಸಣೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಿಸಿ, ಅಲ್ಲಿಂದ ಕಲಬುರಗಿಯ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಜಿಮ್ಸ್‌ನ ಮನೋವೈದ್ಯರ ಬಳಿಗೆ ಹೋಗಬಹುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನವರಿಗೆ ರೈಲಿದ್ದರೂ ಚಿಂಚೋಳಿಯವರಿಗೆ ಬಸ್ಸೇ ಗತಿಯಾದ್ದರಿಂದ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಅವರಿಗೆ ಹೆಚ್ಚು ಉಪಯುಕ್ತ. ಇದು ಉಚಿತವಾಗಿದ್ದು, ಹಗಲಿರುಳು ಕನ್ನಡದಲ್ಲಿಯೇ ಮಾತನಾಡಬಹುದು. ಸರ್ಕಾರಿ ಮಾನಸಿಕ ಆರೋಗ್ಯ ಸೇವೆಯನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರತಿಯೊಬ್ಬರ ಹಕ್ಕಾಗಿಸಿದೆ.