ನದಿ ತಳದ ಸದ್ದು, ಡ್ಯಾಂ ಒಳಗಿನ ಹೂಳು

ಸೈದಾಪುರ ರೈಲ್ವೆ ಸ್ಟೇಷನ್ನಿನಲ್ಲಿ ಚಿಕ್ಕೋರಿದ್ದಾಗ ಒಂದು ಆಟ ಆಡ್ತಿದ್ವಿ. ಪ್ಲಾಟ್‌ಫಾರ್ಮಿನ ಕಲ್ಲಿನ ಮೇಲೆ ಅಂಗೈ ಇಟ್ಟು ಕೂತರೆ, ಗಾಡಿ ಕಣ್ಣಿಗೆ ಬೀಳೋಕೆ ಮೊದಲೇ ಕೈಗೆ ಗೊತ್ತಾಗೋದು. ಗೂಡ್ಸ್ ಗಾಡಿಯಾದರೆ ಒಂದು ಥರ, ಪ್ಯಾಸೆಂಜರ್ ಆದರೆ ಇನ್ನೊಂದು ಥರ. ವೀಕ್ಷಕರೇ, ಇವತ್ತು ನಾನು ಹೇಳ್ತಿರೋ ವಿಜ್ಞಾನ ಹೆಚ್ಚೂಕಡಿಮೆ ಇದೇ ಆಟ. ಗಾಡಿಯ ಜಾಗದಲ್ಲಿ ನದಿ, ಅಂಗೈ ಜಾಗದಲ್ಲಿ ಭೂಕಂಪ ಅಳೆಯೋ ಯಂತ್ರ.

ಇದು ಯಾಕೆ ಬೇಕು? ತುಂಗಭದ್ರಾ ಡ್ಯಾಂ ನೋಡಿ. 1953ರಲ್ಲಿ ನೀರು ನಿಲ್ಲಿಸಿದಾಗ ಅದು ಹಿಡಿಯುತ್ತಿದ್ದದ್ದು 133 ಟಿಎಂಸಿ. ಈಗಿನ ಲೆಕ್ಕ 105.788. ಅಂದ್ರೆ ಸುಮಾರು 27 ಟಿಎಂಸಿ ಜಾಗವನ್ನು ಹೂಳು ನುಂಗಿದೆ. "ಹೂಳು ತೆಗೆಸಿ" ಅಂತ ಪ್ರತಿ ಚುನಾವಣೆಯಲ್ಲೂ ಕೇಳ್ತೀವಲ್ಲ, ಒಮ್ಮೆ ಲೆಕ್ಕ ಹಾಕೋಣ. 27 ಟಿಎಂಸಿ ಅಂದ್ರೆ 76 ಕೋಟಿ ಘನ ಮೀಟರ್. ಒಂದು ಟಿಪ್ಪರಿಗೆ 10 ಘನ ಮೀಟರ್ ಹಿಡಿಯಿರಿ. ದಿನಕ್ಕೆ ಸಾವಿರ ಟಿಪ್ಪರ್ ಓಡಿಸಿದರೂ 200 ವರ್ಷ ಬೇಕು! ಅದಕ್ಕೇ ನವಲಿ ಬಳಿ ಇನ್ನೊಂದು ಜಲಾಶಯ ಕಟ್ಟೋ ಮಾತು ಬಂದಿರೋದು. ಅಷ್ಟರೊಳಗೆ ಎಡದಂಡೆ ಕಾಲುವೆಯ ಕೊನೆಯಲ್ಲಿರೋ ಮಾನ್ವಿ, ಸಿರವಾರದ ರೈತ ಎರಡನೇ ಬೆಳೆಗೆ ನೀರು ಬರುತ್ತೋ ಇಲ್ವೋ ಅಂತ ಆಕಾಶ ನೋಡ್ತಾ ಕೂರಬೇಕು.

ಒಳಗೆ ಬಿದ್ದ ಹೂಳನ್ನು ತೆಗೆಯೋದು ಆಗದ ಮಾತು. ಹಾಗಾದ್ರೆ ಯಾವಾಗ, ಎಲ್ಲಿಂದ, ಎಷ್ಟು ಬರ್ತಿದೆ ಅನ್ನೋದಾದರೂ ಗೊತ್ತಾಗಬೇಕಲ್ಲ? ಈಗ ಮಾಡೋದು ಎರಡು. ಕೆಲವು ವರ್ಷಕ್ಕೊಮ್ಮೆ ದೋಣಿಯಲ್ಲಿ ಸೋನಾರ್ ಇಟ್ಟು ಡ್ಯಾಂ ತಳ ಅಳೀತಾರೆ. ಇನ್ನು ನದಿಯಲ್ಲಿ ಬಾಟಲಿ ಇಳಿಸಿ ನೀರು ತುಂಬಿ, ಸೋಸಿ, ಒಣಗಿಸಿ, ತೂಕ ಹಾಕ್ತಾರೆ. ಆದರೆ ವರ್ಷದ ಹೂಳಿನಲ್ಲಿ ದೊಡ್ಡ ಪಾಲು ಬರೋದು ಪ್ರವಾಹದ ಕೆಲವೇ ದಿನಗಳಲ್ಲಿ. ಆ ದಿನ, ಆ ರಾತ್ರಿ, ಬಾಟಲಿ ಹಿಡಿದು ನದಿಗೆ ಯಾರ್ರೀ ಇಳೀತಾರೆ?

ಇಲ್ಲಿ ಭೂಕಂಪ ಯಂತ್ರದ ಕಥೆ ಶುರುವಾಗುತ್ತೆ. 2003ರಲ್ಲಿ ವಿಜ್ಞಾನಿಗಳು ನೇಪಾಳದಲ್ಲಿ ಯಂತ್ರಗಳನ್ನು ಹೂತಿಟ್ಟಿದ್ದು ಹಿಮಾಲಯದ ಭೂಗರ್ಭ ತಿಳಿಯೋಕೆ. ಆದರೆ ಮಳೆಗಾಲದಲ್ಲಿ ತ್ರಿಶೂಲಿ ನದಿ ಪಕ್ಕದ ಯಂತ್ರಗಳಲ್ಲಿ ಒಂದೇ ಸಮನೆ ಗುಂಯ್‌ಗುಡುವಿಕೆ. ಬೇರೆಯವರಾಗಿದ್ದರೆ ಅದನ್ನು ಕಸ ಅಂತ ಎಸೀತಿದ್ರು. ಇವರು ಎಸೀಲಿಲ್ಲ. ನೋಡಿದರೆ ಅದು ನದಿಯದೇ ಸದ್ದು: ನೀರಿನ ಸುಳಿಗಳದ್ದು, ಜೊತೆಗೆ ತಳದಲ್ಲಿ ಉರುಳಿ ಬಡಿಯೋ ಕಲ್ಲುಗಳದ್ದು. ನೀರಿನ ಸದ್ದು ತಗ್ಗಿನ ಕಂಪನ, ಕಲ್ಲಿನದು ಮೇಲಿನ ಕಂಪನ. ಹಾಗಾಗಿ ಎರಡನ್ನೂ ಬೇರ್ಪಡಿಸಬಹುದು. ಇನ್ನೂ ಸ್ವಾರಸ್ಯ ಅಂದ್ರೆ, ನದಿ ಮಟ್ಟ ಒಂದೇ ಇದ್ದರೂ ನೀರು ಏರುವಾಗ ಸದ್ದು ಜಾಸ್ತಿ, ಇಳಿಯುವಾಗ ಕಡಿಮೆ. ಸಡಿಲ ಕಲ್ಲುಮಣ್ಣನ್ನೆಲ್ಲ ಮೊದಲ ಹೊಡೆತವೇ ಹೊತ್ತೊಯ್ದಿರುತ್ತೆ.

ನಮ್ಮ ದೇಶದಲ್ಲೇ ಇದರ ಸಾಕ್ಷಿ ಇದೆ. 2021ರ ಫೆಬ್ರವರಿ 7, ಉತ್ತರಾಖಂಡದ ಚಮೋಲಿ. ಬಂಡೆ, ಹಿಮ ಕುಸಿದು ಕಣಿವೆಯಲ್ಲಿ ನುಗ್ಗಿ ಎರಡು ವಿದ್ಯುತ್ ಯೋಜನೆಗಳನ್ನು ಕೊಚ್ಚಿತು. 200ಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಹೈದರಾಬಾದಿನ ಎನ್‌ಜಿಆರ್‌ಐ ಸಂಸ್ಥೆ ಆ ಭಾಗದಲ್ಲಿ ಇಟ್ಟಿದ್ದ ಯಂತ್ರಗಳಲ್ಲಿ ಆ ಪ್ರವಾಹದ ಕಂಪನ ದಾಖಲಾಗಿತ್ತು. ಅದನ್ನು ಆ ಕ್ಷಣದಲ್ಲೇ ಓದೋ ವ್ಯವಸ್ಥೆ ಇದ್ದಿದ್ದರೆ ಕೆಳಗಿನವರಿಗೆ ಕೆಲವು ನಿಮಿಷ ಸಿಗ್ತಿತ್ತು.

ಸರಿ, ಹಾಗಾದ್ರೆ ನಾಳೆನೇ ನಮ್ಮ ನದಿಗಳ ದಂಡೆಗೂ ಯಂತ್ರ ಹೂಳೋಣವೇ? ನಾನು ಎಂಜಿನಿಯರಿಂಗ್ ಓದಿದವ, ಹೊಸ ಯಂತ್ರ ಅಂದ್ರೆ ನಂಗೂ ಆಸೆನೇ. ಆದರೆ ತಡೀರಿ. ಈ ಯಂತ್ರ ಕೇಳೋದು ತಳಕ್ಕೆ ಬಡಿಯೋ ವಸ್ತುವನ್ನು. ಕಲ್ಲಿನ ಗಾತ್ರ ಅರ್ಧವಾದರೆ ಸದ್ದು ಅರ್ಧಕ್ಕಿಂತ ಎಷ್ಟೋ ಕಡಿಮೆ. ಹಿಮಾಲಯದ ನದಿಯಲ್ಲಿ ಬಂಡೆ ಉರುಳುತ್ತೆ. ನಮ್ಮ ಸೈದಾಪುರದ ಪಶ್ಚಿಮಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ. ಇವು ಹೊತ್ತು ತರೋದು ಹೆಚ್ಚಾಗಿ ಎರೆಮಣ್ಣು, ನೀರಲ್ಲೇ ತೇಲಿ ಬರೋ ನುಣ್ಣನೆಯ ಜೇಡಿ. ಅದು ಸದ್ದೇ ಮಾಡಲ್ಲ. ಶ್ರೀಶೈಲಂ ಕೂಡ 308 ಟಿಎಂಸಿಯಿಂದ 215ರ ಆಸುಪಾಸಿಗೆ ಬಂದಿದೆ. ಅಲ್ಲಿಗೆ ಮಣ್ಣು ಹೊತ್ತುಕೊಂಡು ಹೋಗಿದ್ದರಲ್ಲಿ ಈ ಎರಡು ನದಿಗಳೂ ಇವೆ. ಅವು ಹೋಗುವಾಗ ತಳ ಅಷ್ಟೇನೂ ನಡುಗಿರಲ್ಲ.

ಹಾಗಂತ ಯಂತ್ರ ದಂಡ ಅಲ್ಲ. ಮರಳು, ಗರಸು ಪ್ರವಾಹದಲ್ಲಿ ಯಾವ ಗಂಟೆಗೆ ಸರಿಯೋಕೆ ಶುರುವಾಯ್ತು ಅನ್ನೋದರ ಸುಳಿವು ಬಾಟಲಿಗಿಂತ ಇದರಿಂದಲೇ ಸಿಗಬಹುದು. ಜೇಡಿಗೆ ಬೇರೆ ಉಪಾಯ ಇದೆ: ನೀರಿನ ಕದಡನ್ನು ಬೆಳಕಿನಿಂದ ಅಳೆಯೋ ಸೆನ್ಸರ್. ಯಾದಗಿರಿಯಲ್ಲಿ ಭೀಮಾ ನೀರು ಅಳೆಯೋ ಕೇಂದ್ರ ಜಲ ಆಯೋಗದ ಕೇಂದ್ರ ಈಗಾಗಲೇ ಇದೆ. ಸೆನ್ಸರ್ ಅಲ್ಲಿ ಕೂತರೆ, ಬಾಟಲಿ ಇಳಿಸೋಕೆ ಆಗದ ರಾತ್ರಿಯ ಲೆಕ್ಕವೂ ಸಿಗುತ್ತೆ.

ಕಂಪನದ ಯಂತ್ರಕ್ಕೆ ನನ್ನ ಮನಸ್ಸಲ್ಲಿರೋ ಜಾಗ ಭೀಮಾ-ಕೃಷ್ಣಾ ಸೇರಿದ ಮೇಲೆ, ರೈಲ್ವೆ ಸೇತುವೆಗೆ ಮೊದಲು. ಅಲ್ಲಿ ಒಂದೇ ತೊಂದರೆ. ಮುಂಬೈ-ಚೆನ್ನೈ ಮಾರ್ಗದ ಗಾಡಿ ಹೋದಾಗಲೆಲ್ಲ ನದಿ ಸದ್ದು ಮುಳುಗಿಹೋಗುತ್ತೆ. ಆ ನಿಮಿಷಗಳನ್ನು ಟೈಮ್‌ಟೇಬಲ್ ನೋಡಿ ಕತ್ತರಿಸಿ ತೆಗೀಬಹುದು, ಗಾಡಿಗಳು ಟೈಮಿಗೆ ಸರಿಯಾಗಿ ಬಂದರೆ.